ಸದ್ದು ಯಾವಾಗ ಬರ್ತದೆ?

ಕಾಫಿ ಹಣ್ಣಿನ ಕಾಲ. ಮೂಡಿಗೆರೆ ಪೇಟೆ ದಾಟಿದ ಮೇಲೆ ಸಿಗುವ ಗ್ಯಾರೇಜೊಂದರ ಮುಂದೆ ಪಿಕಪ್ ಗಾಡಿ ಬಂದು ನಿಲ್ಲುತ್ತದೆ. ಚಾಲಕ ಎಂಜಿನ್ ಆರಿಸದೆಯೇ ಕೆಳಗಿಳಿಯುತ್ತಾನೆ.

‘ಅಣ್ಣಾ, ಹಿಂದ್ಗಡೆಯಿಂದ ಗುಂಯ್ ಅಂತ ಸದ್ದು. ಹೌಸಿಂಗೇ ಹೋಯ್ತೋ ಏನೋ.’

‘ಅದಿರ್ಲಿ ಮಾರಾಯ, ಯಾವಾಗ ಬರ್ತದೆ?’

‘ಯಾವಾಗ್ಲೂ ಬರ್ತದೆ.’

‘ಯಾವಾಗ್ಲೂ ಬರೋ ಸದ್ದು ಅಂತ ಇಲ್ಲ. ಹತ್ತುವಾಗ್ಲೋ, ಇಳಿಯುವಾಗ್ಲೋ? ಲೋಡ್ ಇದ್ದಾಗ್ಲೋ, ಖಾಲಿ ಬರುವಾಗ್ಲೋ? ಕ್ಲಚ್ ತುಳಿದ್ರೆ ನಿಲ್ತದಾ?’

ಚಾಲಕ ತಡವರಿಸುತ್ತಾನೆ. ಗಾಡಿ ಓಡಿಸುವವರು ಸದ್ದಿನ ಜಾಗ ಹೇಳುತ್ತಾರೆ. ಅನುಭವಿ ಮೇಸ್ತ್ರಿ ಸದ್ದಿನ ಹೊತ್ತು ಕೇಳುತ್ತಾನೆ. ಮಲೆನಾಡಿನ ಗಾಡಿ ರಿಪೇರಿಯ ವಿದ್ಯೆಯೆಲ್ಲ ಈ ಒಂದು ವ್ಯತ್ಯಾಸದಲ್ಲಿದೆ ಎಂದರೂ ತಪ್ಪಾಗದು. ಜಾಗವನ್ನು ನಂಬಿ ಸ್ಪ್ಯಾನರ್ ಹಿಡಿದರೆ ದುಡ್ಡು ಹೋಗುತ್ತದೆ, ಸದ್ದು ಹಾಗೇ ಉಳಿಯುತ್ತದೆ.

ಜಾಗ ಯಾಕೆ ಮೋಸ ಮಾಡುತ್ತದೆ ಎನ್ನುವುದಕ್ಕೆ ಸರಳ ಕಾರಣವಿದೆ. ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವ ಸದ್ದು ಉಕ್ಕಿನಲ್ಲಿ 5,000 ಮೀಟರಿಗೂ ಹೆಚ್ಚು ಸಾಗುತ್ತದೆ. ಹಿಂದಿನ ಆಕ್ಸಲಿನಲ್ಲಿ ಹುಟ್ಟಿದ ನಡುಕ ಪ್ಲೇಟ್ ಸ್ಪ್ರಿಂಗ್ ಹತ್ತಿ, ಚಾಸಿಯ ಉದ್ದಕ್ಕೂ ಓಡಿ, ಎಲ್ಲೋ ಸಡಿಲಾಗಿರುವ ತಗಡನ್ನು ಹಿಡಿದು ಅಲ್ಲಾಡಿಸುತ್ತದೆ. ಕಿವಿಗೆ ಕೇಳುವುದು ಆ ತಗಡು. ಚಾಲಕನ ಸೀಟಿನ ಕೆಳಗೆ ಗೊರಗೊರ ಎನ್ನುತ್ತಿದೆ ಎಂದು ಗೇರ್‌ಬಾಕ್ಸ್ ಇಳಿಸಿದ ಮೇಲೆ, ದೋಷ ಎರಡು ಮೀಟರ್ ಹಿಂದಿನ ಸೆಂಟರ್ ಬೇರಿಂಗಿನಲ್ಲಿತ್ತು ಎಂದು ತಿಳಿದವರು ಎಷ್ಟೋ ಜನ.

ಹಾಗೆಂದು ಚಾಲಕ ಹೇಳುವ ‘ಗುಂಯ್’ ವ್ಯರ್ಥವಲ್ಲ. ಈ ವಿಷಯದಲ್ಲಿ ಕನ್ನಡ ಬಹಳ ಉಪಕಾರಿ ಭಾಷೆ. ಗುಂಯ್ ಅಂದರೆ ಎಡೆಬಿಡದ ಸ್ವರ, ಅಂದರೆ ಹಲ್ಲಿಗೆ ಹಲ್ಲು ಕೂಡುವ ಕಡೆ. ಗರಗರ ಅಂದರೆ ಒರಟು ಉರುಳು, ಅಂದರೆ ಬೇರಿಂಗು. ಕಿಂಯ್ ಕಿಂಯ್ ಅಂದರೆ ಒಣಗಿದ ಲೋಹ. ಲೊಟಕ್ ಅಂದರೆ ಎಲ್ಲೋ ಪ್ಲೇ ಕೂಡಿದೆ. ಕಟಕಟ ಅಂದರೆ ಹಲ್ಲು ಮುರಿದಿರಬಹುದು, ಕೂಡಲೇ ನಿಲ್ಲಿಸು. ಕೈಪಿಡಿಯಲ್ಲಿ ಪುಟಗಟ್ಟಲೆ ಬರೆಯುವ ಲಕ್ಷಣಗಳನ್ನು ಚಾಲಕನ ಬಾಯಿ ಒಂದೇ ಅನುಕರಣ ಶಬ್ದದಲ್ಲಿ ಮುಗಿಸುತ್ತದೆ. ಆ ಶಬ್ದದ ಜೊತೆ ಹೊತ್ತೂ ಸೇರಿತೆಂದರೆ ಅರ್ಧ ರಿಪೇರಿ ಆದಂತೆ.

ಎಂಜಿನ್ನಿನಿಂದ ಚಕ್ರದವರೆಗೆ ಬಲ ಹೋಗುವ ದಾರಿ ಉದ್ದದ್ದು. ಕ್ಲಚ್, ಗೇರ್‌ಬಾಕ್ಸ್, ಜೀಪಾದರೆ ಫೋರ್‌ವೀಲ್ ಗೇರಿನ ಪೆಟ್ಟಿಗೆ, ಅಲ್ಲಿಂದ ಪ್ರೊಪೆಲ್ಲರ್ ಶಾಫ್ಟ್, ಅದರ ಎರಡು ತುದಿಯ ಕ್ರಾಸ್‌ಗಳು, ಹೌಸಿಂಗಿನೊಳಗಿನ ದೊಡ್ಡ ಹಲ್ಲುಚಕ್ರ ಕ್ರೌನ್ ಮತ್ತು ಅದನ್ನು ತಿರುಗಿಸುವ ಸಣ್ಣ ಪಿನಿಯನ್, ಆಕ್ಸಲ್, ಹಬ್. ಇವೆಲ್ಲ ಒಂದೇ ವೇಗದಲ್ಲಿ ತಿರುಗುವುದಿಲ್ಲ ಎನ್ನುವುದೇ ಪತ್ತೆದಾರಿಗೆ ಸಿಗುವ ಮೊದಲ ಸುಳಿವು.

1947ರಲ್ಲಿ ಮಹೀಂದ್ರಾ ಕಂಪನಿ ಭಾರತದಲ್ಲಿ ವಿಲ್ಲೀಸ್ ಜೀಪುಗಳನ್ನು ಜೋಡಿಸಲು ಆರಂಭಿಸಿತು. ಮುಂದೆ ಅದೇ ಕಂಪನಿಯಿಂದ ಬಂದ ಸಿಜೆ-3ಬಿ ಮಾದರಿಯ ಜೀಪನ್ನೇ ಈ ವೇಗಗಳ ಲೆಕ್ಕಕ್ಕೆ ಹಿಡಿಯಬಹುದು. ಅದರ ಕ್ರೌನಿಗೆ 43 ಹಲ್ಲು, ಪಿನಿಯನ್ನಿಗೆ 8. ಅಂದರೆ ಚಕ್ರ ಒಂದು ಸುತ್ತು ತಿರುಗುವಷ್ಟರಲ್ಲಿ ಪ್ರೊಪೆಲ್ಲರ್ ಶಾಫ್ಟ್ ಐದು ಸುತ್ತಿಗಿಂತ ಹೆಚ್ಚು ತಿರುಗಿರುತ್ತದೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ ಸುಮಾರು 5 ಸುತ್ತು, ಶಾಫ್ಟು 26 ಸುತ್ತು. ಕ್ರೌನಿನ ಹಲ್ಲುಗಳು ಪಿನಿಯನ್ನಿಗೆ ತಾಗುವುದು ಸೆಕೆಂಡಿಗೆ ಸುಮಾರು 210 ಸಲ. ಅದು ಕರ್ನಾಟಕ ಸಂಗೀತದ ಗಾಯಕಿಯರು ಇಟ್ಟುಕೊಳ್ಳುವ ಐದೂವರೆ ಮನೆ ಶ್ರುತಿಯ ಆಸುಪಾಸಿನ ಸ್ವರ. ಗಾಡಿಯ ವೇಗ ಏರಿದಂತೆ ಶ್ರುತಿಯೂ ಏರುತ್ತದೆ. ಹೌಸಿಂಗ್ ‘ಹಾಡ್ತಿದೆ’ ಎಂದು ಮೇಸ್ತ್ರಿಗಳು ಅನ್ನುವುದು ಅಲಂಕಾರದ ಮಾತಲ್ಲ.

ಈ ಲೆಕ್ಕದಿಂದ ಆಗುವ ಉಪಯೋಗ ದೊಡ್ಡದು. ಸಮತಟ್ಟಾದ ಜಾಗದಲ್ಲಿ ಗಾಡಿಯನ್ನು ನಡಿಗೆಯ ವೇಗದಲ್ಲಿ ಬಿಟ್ಟು, ಹಿಂದಿನ ಟೈರಿಗೆ ಸೀಮೆಸುಣ್ಣದ ಗೆರೆ ಎಳೆದು, ಒಬ್ಬ ಪಕ್ಕದಲ್ಲೇ ನಡೆಯಬೇಕು. ಗೆರೆ ಒಂದು ಸುತ್ತು ಬರುವಷ್ಟರಲ್ಲಿ ಟಕ್ ಎನ್ನುವ ಸದ್ದು ಒಮ್ಮೆ ಬಂದರೆ ದೋಷ ಹಬ್ಬು, ಡ್ರಮ್ಮು, ಆಕ್ಸಲ್ ಅಥವಾ ಕ್ರೌನಿನ ಹಲ್ಲಿನ ಕಡೆ. ನಾಲ್ಕೈದು ಸಲ ಬಂದರೆ ಶಾಫ್ಟು, ಕ್ರಾಸು, ಪಿನಿಯನ್ನು. ಒಂದು ಚೂರು ಸೀಮೆಸುಣ್ಣ ಗಾಡಿಯ ಅರ್ಧ ಭಾಗವನ್ನು ಶಂಕೆಯಿಂದ ಹೊರಗಿಟ್ಟುಬಿಡುತ್ತದೆ.

ಗಾಡಿ ನಿಂತಲ್ಲೇ ಮಾಡುವ ಪರೀಕ್ಷೆಗಳೂ ಇವೆ. ನ್ಯೂಟ್ರಲ್‌ನಲ್ಲಿಟ್ಟು ಎಂಜಿನ್ ಓಡಿಸಿ, ಕ್ಲಚ್ಚಿನಿಂದ ಕಾಲು ತೆಗೆದಾಗ ಬರುವ ಗರಗರ ಕ್ಲಚ್ ತುಳಿದೊಡನೆ ನಿಂತರೆ ಗೇರ್‌ಬಾಕ್ಸಿನ ಒಳಗಿನ ಬೇರಿಂಗುಗಳನ್ನು ನೋಡಬೇಕು. ಕ್ಲಚ್ ತುಳಿದಾಗ ಅವು ತಿರುಗುವುದು ನಿಲ್ಲುತ್ತದೆ. ಅದಕ್ಕೆ ತಿರುಗುಮುರುಗಾಗಿ, ತುಳಿದಾಗಲೇ ಸದ್ದು ಹುಟ್ಟಿದರೆ ರಿಲೀಸ್ ಬೇರಿಂಗಿನ ಮೇಲೆ ಗುಮಾನಿ. ಇನ್ನು ಓಡುವಾಗ: ಹಳೆಯ ಜೀಪುಗಳ ಕೊನೆಯ ಗೇರಿನಲ್ಲಿ, ಐದು ಗೇರಿನ ಅನೇಕ ಗಾಡಿಗಳ ನಾಲ್ಕನೇ ಗೇರಿನಲ್ಲಿ ಬಲ ಗೇರ್‌ಬಾಕ್ಸಿನ ಕೆಳಗಿನ ಶಾಫ್ಟನ್ನು ಬಳಸದೆ ನೇರವಾಗಿ ದಾಟುತ್ತದೆ. ಉಳಿದ ಗೇರುಗಳಲ್ಲಿ ಅರಚಿ ಈ ಒಂದರಲ್ಲಿ ಸುಮ್ಮನಾದರೆ ಆ ಕೆಳಗಿನ ಶಾಫ್ಟೇ ಅಪರಾಧಿ. ಯಾವ ಗೇರಿನಲ್ಲಿದ್ದರೂ ಗಾಡಿಯ ವೇಗಕ್ಕೆ ತಕ್ಕಂತೆ ಮಾತ್ರ ಸದ್ದು ಬದಲಾಗುತ್ತಿದ್ದರೆ ಗೇರ್‌ಬಾಕ್ಸನ್ನು ಬಿಟ್ಟು ಹಿಂದಕ್ಕೆ ಹೋಗಬೇಕು.

ಇಷ್ಟು ಪಾಠ ಯಾವ ಊರಿನಲ್ಲಾದರೂ ನಡೆದೀತು. ಕಾಫಿ ಸೀಮೆಗೆ ಒಂದು ಹೆಚ್ಚುಗಾರಿಕೆ ಇದೆ. ಬಯಲುಸೀಮೆಯ ಮೇಸ್ತ್ರಿ ಗಾಡಿಯನ್ನು ಎಷ್ಟು ದೂರ ಓಡಿಸಿ ನೋಡಿದರೂ ಸಿಗದ ಸನ್ನಿವೇಶಗಳನ್ನು ಇಲ್ಲಿನ ರಸ್ತೆ ಸ್ವಲ್ಪ ಹೊತ್ತಿನೊಳಗೆ ಕೊಡುತ್ತದೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದು ಮತ್ತೆ ಹತ್ತಿ ಬಂದರೆ ಸಾಕು. ರಾಷ್ಟ್ರೀಯ ಹೆದ್ದಾರಿ 73ರ ಆ ಘಾಟಿಯೇ ಒಂದು ತಪಾಸಣಾ ಯಂತ್ರ.

ಘಾಟಿ ಹತ್ತುವಾಗ ಪಿನಿಯನ್ ಕ್ರೌನನ್ನು ತಳ್ಳುತ್ತದೆ, ಹಲ್ಲಿನ ಒಂದು ಮುಖಕ್ಕೆ ಭಾರ. ಗೇರಿನಲ್ಲೇ ಇಳಿಯುವಾಗ ಚಕ್ರವೇ ಕ್ರೌನಿನ ಮೂಲಕ ಪಿನಿಯನ್ನನ್ನು ತಳ್ಳುತ್ತದೆ, ಭಾರ ಇನ್ನೊಂದು ಮುಖಕ್ಕೆ. ಹತ್ತುವಾಗ ಮಾತ್ರ ಗುಂಯ್ ಎಂದು ಇಳಿಯುವಾಗ ಸುಮ್ಮನಿದ್ದರೆ ತಳ್ಳುವ ಮುಖ ಸವೆದಿದೆ, ಇಲ್ಲವೇ ಹಿಂದೆ ಯಾರೋ ಕ್ರೌನ್ ಸೆಟ್ ಹಾಕುವಾಗ ಹಲ್ಲು ಕೂಡುವ ಜಾಗ ಸರಿಯಾಗಿ ನೋಡಿಲ್ಲ. ಎರಡರಲ್ಲೂ ಇದ್ದರೆ ಪಿನಿಯನ್ ಬೇರಿಂಗ್. ಹೇರ್‌ಪಿನ್ ತಿರುವಿನಲ್ಲಿ ಮಾತ್ರ ಕಟಕಟ ಬಂದರೆ ಕ್ರೌನಿನ ನಡುವಿನ ಸ್ಟಾರ್ ಗೇರುಗಳು. ನೇರ ಹೋಗುವಾಗ ಅವು ತಮ್ಮ ಅಕ್ಷದ ಮೇಲೆ ತಿರುಗುವುದೇ ಇಲ್ಲ, ಒಂದು ಚಕ್ರ ಹೆಚ್ಚು ಇನ್ನೊಂದು ಕಡಿಮೆ ಓಡುವ ತಿರುವಿನಲ್ಲಿ ಮಾತ್ರ ಅವಕ್ಕೆ ಕೆಲಸ. ಹಬ್ ಬೇರಿಂಗಿಗೆ ಮಾತ್ರ ಹೇರ್‌ಪಿನ್ ಸಾಲದು, ಅಲ್ಲಿ ವೇಗ ಕಡಿಮೆ. ಅದಕ್ಕೆ ಮೂಡಿಗೆರೆಯಿಂದ ಹಾಂದಿ, ಆಲ್ದೂರು ಹಾದು ಚಿಕ್ಕಮಗಳೂರಿಗೆ ಹೋಗುವ ದಾರಿಯ ಉದ್ದನೆಯ ತಿರುವುಗಳು ಬೇಕು. ಎಡಕ್ಕೆ ತಿರುಗುವಾಗ ಗಾಡಿಯ ಭಾರ ಬಲಕ್ಕೆ ವಾಲುತ್ತದೆ. ಆಗ ಗರಗರ ಜೋರಾದರೆ ಬಲಗಡೆಯ ಹಬ್ ಬಿಚ್ಚಿ ನೋಡಬೇಕು.

ಒಂದು ಮಾತನ್ನು ಒತ್ತಿ ಹೇಳಬೇಕು. ಸದ್ದು ಕೇಳುವ ಆಸೆಯಿಂದ ಘಾಟಿಯ ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವುದು ಪ್ರಾಣಕ್ಕೆ ಕುತ್ತು. ಎಂಜಿನ್ನಿನ ಹಿಡಿತ ತಪ್ಪಿ ಬ್ರೇಕಿನ ಮೇಲೇ ಎಲ್ಲ ಭಾರ ಬಿದ್ದರೆ ಲೈನರ್ ಕಾದು, ಬ್ರೇಕ್ ಹಿಡಿಯದೆ ಹೋಗುತ್ತದೆ. ನ್ಯೂಟ್ರಲ್ ಪರೀಕ್ಷೆ ಸಮತಟ್ಟಿನಲ್ಲೇ ಆಗಬೇಕು.

ಈ ಸೀಮೆಯಲ್ಲಿ ಹೆಚ್ಚು ಗಮನ ಬೇಡುವ ಭಾಗ ಕ್ರಾಸ್. ಕೂಡಿಸುವ ಗುರುತಿನ ಆಕಾರದ ಒಂದು ಸಣ್ಣ ಉಕ್ಕಿನ ತುಂಡು, ಅದರ ನಾಲ್ಕು ತುದಿಗೆ ನಾಲ್ಕು ಬಟ್ಟಲು, ಬಟ್ಟಲೊಳಗೆ ಸೂಜಿಯಷ್ಟು ಸಪೂರದ ರೋಲರುಗಳು. ಹದಿನಾರನೇ ಶತಮಾನದ ಇಟಲಿಯ ಕಾರ್ಡಾನೊ, ಹದಿನೇಳನೇ ಶತಮಾನದ ಇಂಗ್ಲೆಂಡಿನ ರಾಬರ್ಟ್ ಹುಕ್ ಇಬ್ಬರ ಹೆಸರೂ ಈ ಕೀಲಿಗೆ ಅಂಟಿಕೊಂಡಿದೆ. ಹಳ್ಳದಿಣ್ಣೆಯ ತೋಟದ ದಾರಿಯಲ್ಲಿ ಆಕ್ಸಲ್ ಮೇಲೆ ಕೆಳಗೆ ಕುಣಿದಾಗಲೂ ಬಲ ಕಡಿಯದಂತೆ ನೋಡಿಕೊಳ್ಳುವುದು ಇದೇ.

ಕ್ರಾಸ್ ಕೆಡುವುದನ್ನು ಕಣ್ಣಿನಿಂದಲೇ ಹಿಡಿಯಬಹುದು. ಗಾಡಿಯ ಕೆಳಗೆ ಮಲಗಿ ಟಾರ್ಚ್ ಬಿಟ್ಟರೆ, ಒಳ್ಳೆಯ ಬಟ್ಟಲಿನ ಅಂಚಿನಲ್ಲಿ ಮಣ್ಣು ಕಚ್ಚಿದ ಕಪ್ಪು ಗ್ರೀಸ್ ಕಾಣುತ್ತದೆ. ಕೆಟ್ಟದ್ದರ ಅಂಚಿನಲ್ಲಿ ಕೆಂಪು ಪುಡಿ, ನುಣ್ಣಗೆ, ಬೆರಳಿಗೆ ಒಣಗಿದಂತೆ ತಾಗುತ್ತದೆ. ಅದು ರಸ್ತೆಯ ಕೆಮ್ಮಣ್ಣಲ್ಲ. ಗ್ರೀಸ್ ತೊಳೆದುಹೋದ ಮೇಲೆ ಸೂಜಿ ರೋಲರುಗಳು ಉಕ್ಕನ್ನು ಉಜ್ಜಿ ಉಜ್ಜಿ ಹೊರಗೆ ಹಾಕಿದ ತುಕ್ಕು. ಆ ಹಂತದಲ್ಲಿ ಗಾಡಿ ಹೊರಡುವಾಗ, ನಡಿಗೆಯ ವೇಗದಲ್ಲಿ, ಕಿಂಯ್ ಕಿಂಯ್ ಎನ್ನುತ್ತದೆ. ವೇಗ ಹೆಚ್ಚಿದರೆ ಉಳಿದ ಗದ್ದಲದಲ್ಲಿ ಅಡಗುತ್ತದೆ. ಆಮೇಲಿನ ಹಂತ ಗೇರ್ ಬದಲಿಸಿದಾಗ ಬರುವ ಲೊಟಕ್. ಅದರಾಚೆಗೆ ಶಾಫ್ಟೇ ಕಳಚಿ ಬೀಳುವುದು. ಕಿಂಯ್ ಎಂದಾಗಲೇ ಗ್ರೀಸ್ ಗನ್ ಹಿಡಿದು, ನಾಲ್ಕೂ ಬಟ್ಟಲಿನಿಂದ ಹೊಸ ಗ್ರೀಸ್ ಇಣುಕುವವರೆಗೆ ಒತ್ತಿದರೆ ಕೆಲವೊಮ್ಮೆ ಉಳಿಯುತ್ತದೆ. ಮೂರು ಕಡೆ ಬಂದು ಒಂದು ಕಡೆ ಬಾರದಿದ್ದರೆ ಆ ಒಂದು ಬಟ್ಟಲು ಸಾಯುತ್ತಿದೆ ಎಂದರ್ಥ.

ಹೊಸ ಕ್ರಾಸ್ ಹಾಕಿಸಿದ ಮೇಲೆ ನಡುಕ ಹೆಚ್ಚಾಯಿತು ಎಂಬ ದೂರೂ ಇದೆ. ಕಾರಣ ಹೆಚ್ಚಾಗಿ ಬಿಡಿಭಾಗದಲ್ಲಿರುವುದಿಲ್ಲ, ಜೋಡಣೆಯಲ್ಲಿರುತ್ತದೆ. ಕೋನದಲ್ಲಿ ತಿರುಗುವ ಕ್ರಾಸ್ ಬಲವನ್ನು ಒಂದೇ ಸಮ ದಾಟಿಸುವುದಿಲ್ಲ. ಒಂದು ಸುತ್ತಿನಲ್ಲಿ ಎರಡು ಸಲ ವೇಗ ತುಸು ಏರಿ ಇಳಿಯುತ್ತದೆ. ಶಾಫ್ಟಿನ ಇನ್ನೊಂದು ತುದಿಯ ಕ್ರಾಸ್ ಅದನ್ನು ತಿರುಗಾ ಸರಿದೂಗಿಸಬೇಕು. ಅದಕ್ಕೆಂದೇ ಶಾಫ್ಟಿನ ಎರಡು ತುಂಡು ಕೂಡುವ ಸ್ಲಿಪ್ ಜಾಯಿಂಟಿನ ಎರಡೂ ಕಡೆ ಬಾಣದ ಗುರುತು ಇರುತ್ತದೆ. ಕೆಸರಿನಲ್ಲಿ ಗುರುತು ಕಾಣದೆ ಒಂದೆರಡು ಹಲ್ಲು ಆಚೀಚೆ ಕೂಡಿಸಿಬಿಟ್ಟರೆ ಎರಡೂ ಕ್ರಾಸ್ ಕೂಡಿಕೊಂಡು ಗಾಡಿಯನ್ನು ಅದುರಿಸುತ್ತವೆ. ಬಿಚ್ಚುವ ಮೊದಲು ಬಣ್ಣದಿಂದ ಗೆರೆ ಹಾಕಿಕೊಳ್ಳುವ ಮೇಸ್ತ್ರಿಗೆ ಕೇಳಿದ ಕೂಲಿ ಕೊಡಬಹುದು.

ಇಲ್ಲಿ ಲೋಡಿನ ಪ್ರಶ್ನೆಯೂ ಬರುತ್ತದೆ. ಹಣ್ಣಿನ ಚೀಲ ತುಂಬಿದಾಗ ಹಿಂದಿನ ಸ್ಪ್ರಿಂಗ್ ಕುಗ್ಗಿ ಶಾಫ್ಟಿನ ಕೋನ ಬದಲಾಗುತ್ತದೆ. ತೋಟದಿಂದ ಪಲ್ಪರ್ ಮನೆಗೆ ತುಂಬಿಕೊಂಡು ಹೋಗುವಾಗ ಅದುರದ ಗಾಡಿ ಖಾಲಿ ಬರುವಾಗ ಅದುರಬಹುದು, ಉಲ್ಟಾನೂ ಆಗಬಹುದು. ಖಾಲಿ ಗಾಡಿಯನ್ನು ಮಾತ್ರ ಓಡಿಸಿ ‘ಏನೂ ಇಲ್ಲ, ತಗೊಂಡ್ಹೋಗು’ ಎನ್ನುವುದು ಅರ್ಧ ತಪಾಸಣೆ.

ಕೆಳಗೆ ಮಲಗುವವರಿಗೆ ಇನ್ನೊಂದು ಎಚ್ಚರಿಕೆ. ಹಳೆಯ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕ್ ಡ್ರಮ್ ಇರುವುದು ಚಕ್ರದಲ್ಲಲ್ಲ, ಶಾಫ್ಟು ಶುರುವಾಗುವ ಕಡೆ. ಶಾಫ್ಟ್ ಬಿಚ್ಚಿದೊಡನೆ ಹ್ಯಾಂಡ್‌ಬ್ರೇಕಿಗೂ ಚಕ್ರಕ್ಕೂ ಸಂಬಂಧ ಕಡಿಯುತ್ತದೆ. ಇಳಿಜಾರಿನ ಅಂಗಳದಲ್ಲಿ ಚಕ್ರಕ್ಕೆ ಕಲ್ಲು ಕೊಡದೆ ಕ್ರಾಸ್ ಬಿಚ್ಚಬಾರದು.

ಎಲ್ಲ ಸದ್ದೂ ರೋಗವಲ್ಲ. ಹಳೆಯ ಜೀಪಿನ ಫೋರ್‌ವೀಲ್ ಪೆಟ್ಟಿಗೆಯಲ್ಲಿ ಬಲ ದಾಟುವುದು ಹಲ್ಲಿನಿಂದ ಹಲ್ಲಿಗೆ, ಅದು ಹೊಸದರಲ್ಲೂ ಕೂಗುತ್ತಿತ್ತು. ಗುಡ್ಡದ ದಾರಿಗೆ ಹಾಕಿದ ದೊಡ್ಡ ಬಟನ್ನಿನ ಟೈರು ಡಾಂಬರಿನ ಮೇಲೆ ಹೌಸಿಂಗ್ ಹೋದಂತೆಯೇ ಗುಂಯ್‌ಗುಟ್ಟುತ್ತದೆ. ಡಾಂಬರಿನಿಂದ ಮಣ್ಣಿಗೆ ಇಳಿದಾಗ ಸ್ವರ ಬದಲಾದರೆ ಅದು ಟೈರು. ಹೌಸಿಂಗಿಗೆ ರಸ್ತೆ ಯಾವುದೆಂದು ಗೊತ್ತಾಗುವುದಿಲ್ಲ. ಈ ಸಣ್ಣ ಪರೀಕ್ಷೆ ಮಾಡದೆ ಕ್ರೌನ್ ಸೆಟ್ಟಿಗೆ ಸಾವಿರಾರು ರೂಪಾಯಿ ಸುರಿದ ಮಾಲೀಕರನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಕುದುರೆಮುಖ ಚಾರಣಕ್ಕೆ ಹೋಗುವವರನ್ನು ಸಂಸೆ ಕಡೆಯಿಂದ ಮುಳ್ಳೋಡಿಗೆ ಹತ್ತಿಸುವ ಜೀಪುಗಳದ್ದು ಮತ್ತೊಂದು ಕಥೆ. ಕಲ್ಲುದಾರಿಯಲ್ಲಿ ಹಾಕಿದ ಫೋರ್‌ವೀಲನ್ನು ಕೆಳಗಿಳಿದ ಮೇಲೂ ಬಿಡಿಸಲು ಮರೆತರೆ, ಡಾಂಬರಿನ ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಓಡಬೇಕಾಗುತ್ತದೆ, ಜಾರಲು ಮಣ್ಣಿಲ್ಲ. ಹಲ್ಲುಗಳು ಬಿಗಿದುಕೊಂಡು, ಲಿವರ್ ಕಲ್ಲಿನಂತಾಗಿ, ಕೊನೆಗೆ ಢಬ್ ಎಂದು ಬಿಡುತ್ತದೆ. ಅಲ್ಲಿ ಕೆಟ್ಟದ್ದೇನೂ ಇಲ್ಲ. ಹಾಗೇ ಓಡಿಸುತ್ತಿದ್ದರೆ ಮಾತ್ರ ಕೆಡುತ್ತದೆ.

ಇನ್ನು ಉಪಕರಣ. ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಹೌಸಿಂಗಿಗೆ ಒತ್ತಿ, ಹಿಡಿಕೆಯನ್ನು ಕಿವಿಯ ಬುಡಕ್ಕೆ ಇಟ್ಟುಕೊಳ್ಳುವುದು ಎಲ್ಲ ಗ್ಯಾರೇಜಿನ ನೋಟ. 1816ರಲ್ಲಿ ಪ್ಯಾರಿಸ್ಸಿನ ವೈದ್ಯ ಲೆನೆಕ್ ಕಾಗದ ಸುರುಳಿ ಸುತ್ತಿ ರೋಗಿಯ ಎದೆಗಿಟ್ಟು ಸ್ಟೆತಾಸ್ಕೋಪಿಗೆ ನಾಂದಿ ಹಾಡಿದ. ಆಚೀಚಿನ ಗಾಳಿಯ ಗದ್ದಲ ಬಿಟ್ಟು ಬೇಕಾದ ಜಾಗದ ಸದ್ದನ್ನಷ್ಟೇ ಕಿವಿಗೆ ತರುವ ಉಪಾಯ ಅದು, ಇದೂ ಅದೇ. ತಿರುಗುವ ಶಾಫ್ಟಿನ ಹತ್ತಿರ ಮಾತ್ರ ಇದನ್ನು ಮಾಡಕೂಡದು. ಈಗ ಚಾಸಿಯ ಬೇರೆಬೇರೆ ಕಡೆ ಕಚ್ಚಿಸಿ ಓಡುವಾಗಲೇ ಕೇಳುವ ಮೈಕ್ರೊಫೋನುಗಳು ಬಂದಿವೆ. ಫೋನಿನಲ್ಲಿ ರೆಕಾರ್ಡ್ ಮಾಡಿ ವಾಟ್ಸ್‌ಆ್ಯಪಿನಲ್ಲಿ ಮೇಸ್ತ್ರಿಗೆ ಕಳಿಸುವವರೂ ಇದ್ದಾರೆ. ಮಾತು ಹಿಡಿಯಲೆಂದು ಮಾಡಿದ ಫೋನಿನ ಮೈಕಿನಲ್ಲಿ ಬೇರಿಂಗಿನ ತಗ್ಗು ಸ್ವರ ಸರಿಯಾಗಿ ಬರುವುದಿಲ್ಲ. ಅದರ ಬದಲು ‘ಮೂರನೇ ಗೇರು, ಮೂವತ್ತರ ಸ್ಪೀಡು, ಹತ್ತುವಾಗ’ ಎಂದು ಬರೆದು ಕಳಿಸಿದರೆ ಹೆಚ್ಚು ಉಪಯೋಗ.

ಚಾಲಕನ ಕಿವಿಯೂ ಮೇಸ್ತ್ರಿಯ ಕೈಯೂ ಒಂದೇ ಮನೆಯವಾಗಿದ್ದ ಉದಾಹರಣೆ ಇದೇ ಚಿಕ್ಕಮಗಳೂರು ಜಿಲ್ಲೆಯ ಕೊಪ್ಪದಲ್ಲಿತ್ತು. ಖಾಸಗಿ ಬಸ್ ಕಂಪನಿಯ ಕಾರ್ಮಿಕರು 1991ರಲ್ಲಿ ತಾವೇ ಕಟ್ಟಿಕೊಂಡ ಸಹಕಾರ ಸಾರಿಗೆ, 2020ರಲ್ಲಿ ಓಡಾಟ ನಿಲ್ಲಿಸುವವರೆಗೂ ಮಲೆನಾಡಿನ ಹಳ್ಳಿಗಳನ್ನು ಮುಟ್ಟುತ್ತಿತ್ತು. ಬಸ್ಸು ಓಡಿಸುವವರೂ ರಿಪೇರಿ ಮಾಡುವವರೂ ಅಲ್ಲಿ ಸಮಾನ ಮಾಲೀಕರು. ಗಾಡಿಯ ಸಣ್ಣ ಸದ್ದು ಇಬ್ಬರ ಜೇಬಿಗೂ ಸೇರಿದ ವಿಷಯವಾಗಿತ್ತು.

ಯಾವಾಗ ಎನ್ನುವ ಪ್ರಶ್ನೆಗೆ ಗೇರು, ವೇಗ, ತಿರುವಿನ ಆಚೆಗೂ ಒಂದು ಅರ್ಥವಿದೆ. ಅದು ತಿಂಗಳ ಲೆಕ್ಕ. ಕಳಸದಿಂದ ಹೊರನಾಡಿಗೆ ಹೋಗುವ ದಾರಿಯ ಹೆಬ್ಬಾಳೆ ಸೇತುವೆ ಭದ್ರೆ ಉಕ್ಕಿದಾಗ ಮುಳುಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ತೋಟದೊಳಗಿನ ಹಳ್ಳಗಳಿಗಂತೂ ಲೆಕ್ಕವಿಲ್ಲ. ಗುಡ್ಡ ಹತ್ತಿ ಇಳಿದು ಬಂದ ಗಾಡಿಯ ಹೌಸಿಂಗ್ ಕೈ ಇಡಲಾಗದಷ್ಟು ಬಿಸಿಯಾಗಿರುತ್ತದೆ. ಅದು ತಣ್ಣನೆಯ ನೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗಿ ಹೊರಗಿನದನ್ನು ಒಳಕ್ಕೆ ಎಳೆಯುತ್ತದೆ. ಉಸಿರಾಟಕ್ಕೆಂದು ಮೇಲೆ ಇಟ್ಟ ಬ್ರೀದರ್ ನೀರಿನಲ್ಲಿದ್ದರೆ, ಸೀಲ್ ಹಳೆಯದಾಗಿದ್ದರೆ, ಆ ಉಸಿರಿನ ಜೊತೆ ನೀರೂ ಹೋಗುತ್ತದೆ. ಒಂದು ಲೋಟದಷ್ಟು ಸಾಕು.

ಅವತ್ತು ಏನೂ ಆಗುವುದಿಲ್ಲ. ಮರುದಿನವೂ ಇಲ್ಲ. ನೀರು ಬೆರೆತ ಎಣ್ಣೆ ಹಲ್ಲುಗಳ ನಡುವೆ ಗಟ್ಟಿ ಪೊರೆಯಾಗಿ ನಿಲ್ಲಲಾರದು. ಮಳೆಗಾಲದಲ್ಲಿ ತೋಟದ ಗಾಡಿ ದಿನಗಟ್ಟಲೆ ಶೆಡ್ಡಿನಲ್ಲಿ ನಿಂತಾಗ ಬೇರಿಂಗಿನ ರೋಲರ್ ಕೂತ ಜಾಗಕ್ಕೆ ತುಕ್ಕು ಹಿಡಿದು, ಅದೇ ಚುಕ್ಕೆ ಆಮೇಲೆ ಗುಳಿಯಾಗುತ್ತದೆ. ಅರೇಬಿಕಾ ಹಣ್ಣಾಗಿ, ಆಳುಗಳು ಬಂದು, ಗಾಡಿಗೆ ಪೂರ್ತಿ ಲೋಡ್ ಬೀಳುವ ನವೆಂಬರ್, ಡಿಸೆಂಬರಿನಲ್ಲಿ ಆ ಗುಳಿ ಬಾಯಿ ಬಿಡುತ್ತದೆ. ಆಷಾಢದಲ್ಲಿ ಹೊಕ್ಕ ನೀರು ಕಾರ್ತಿಕ ಕಳೆದ ಮೇಲೆ ಕೂಗುತ್ತದೆ. ‘ನಿನ್ನೆಯಿಂದ ಸೌಂಡ್ ಅಣ್ಣಾ’ ಎನ್ನುವ ಚಾಲಕ ಸುಳ್ಳು ಹೇಳುತ್ತಿರುವುದಿಲ್ಲ. ಕೇಳಿಸಿದ್ದು ನಿನ್ನೆಯಿಂದಲೇ.

ಮಳೆ ನಿಂತೊಡನೆ ಹೌಸಿಂಗಿನ ಲೆವೆಲ್ ಪ್ಲಗ್ ಬಿಚ್ಚಿ ಕಿರುಬೆರಳು ಹಾಕಿ ಎಣ್ಣೆಯ ಬಣ್ಣ ನೋಡುವುದಕ್ಕೆ ಹತ್ತು ನಿಮಿಷ ಬೇಡ. ಕಾಫಿ ಬೆಳೆಗಾರರಿಗೆ ಆ ಬಣ್ಣಗಳ ಹೆಸರು ಹೇಳಿಕೊಡಬೇಕಾಗಿಲ್ಲ: ಡಿಕಾಕ್ಷನ್ನಿನಂತಿದ್ದರೆ ಹಳೆಯದಾಗಿದೆ ಅಷ್ಟೆ, ಹಾಲು ಬೆರೆಸಿದಂತಿದ್ದರೆ ನೀರು ಹೊಕ್ಕಿದೆ.

ಪಿಕಪ್ ಈಗ ನಾಲ್ಕು ಮರದ ದಿಮ್ಮಿಗಳ ನಡುವೆ ಕದಲದೆ ನಿಂತಿದೆ. ಮೇಸ್ತ್ರಿ ಹೌಸಿಂಗಿನ ಕೆಳಗೆ ಬಾಣಲೆ ತಳ್ಳಿ ಡ್ರೈನ್ ಪ್ಲಗ್ ತಿರುಗಿಸುತ್ತಾನೆ. ಮೊದಲು ತೆಳ್ಳಗೆ ನೀರು ಬರುತ್ತದೆ, ಆಮೇಲೆ ನೊರೆಗೂಡಿದ ಹಾಲುಕಾಫಿ ಬಣ್ಣದ ಎಣ್ಣೆ. ಪ್ಲಗ್ಗಿನ ಅಯಸ್ಕಾಂತಕ್ಕೆ ಹತ್ತಿದ ಬೂದಿ ಬಣ್ಣದ ಗಸಿಯನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡುತ್ತಾನೆ. ನುಣ್ಣಗಿದೆ. ಹಲ್ಲಿನ ಚೂರು, ಸಿಪ್ಪೆ ಯಾವುದೂ ಇಲ್ಲ.

‘ಮಳೆಗಾಲದಲ್ಲಿ ಹೊಳೆ ದಾಟ್ಸಿದ್ಯಾ?’

‘ಹೂಂ. ಜುಲೈಲಿ. ಹೊರನಾಡಿಗೆ ಹೋಗಿದ್ದು.’

‘ಕ್ರೌನು ಉಳಿದಿದೆ. ಪಿನಿಯನ್ ಬೇರಿಂಗ್ ಎರಡು, ಸೀಲು, ಎಣ್ಣೆ. ನಾಳೆ ಸಾಯಂಕಾಲಕ್ಕೆ ಕೊಡ್ತೀನಿ.’

ಚಾಲಕ ಫೋನ್ ತೆಗೆದು ತೋಟದ ರೈಟರಿಗೆ ಹಚ್ಚುತ್ತಾನೆ: ‘ಸಾರ್, ಇವತ್ತಿನ ಹಣ್ಣು ಟ್ರ್ಯಾಕ್ಟರಿಗೇ ತುಂಬ್ಸಿಬಿಡಿ.’